ಊರಲ್ಲೇ ಇದ್ದು ಪಶುವೈದ್ಯಕೀಯದ ಉನ್ನತ ವ್ಯಾಸಂಗ

ಅಂಚೆಯಲ್ಲಿ ಬಂದ ಪಾಠ ಓದಿ ಹಸುವಿಗೆ ಹೆರಿಗೆ ಮಾಡಿಸಲು ಸಾಧ್ಯವೇ? ಖಂಡಿತ ಇಲ್ಲ. ಆದ್ದರಿಂದಲೇ ನಮ್ಮ ದೇಶದಲ್ಲಿ ಬಿ.ವಿ.ಎಸ್ಸಿ. ಪದವಿಯನ್ನು ದೂರಶಿಕ್ಷಣದಲ್ಲಿ ಪಡೆಯುವ ಮಾತೇ ಇಲ್ಲ. ಒಂದು ವರ್ಷದ ತರಬೇತಿಯೂ ಸೇರಿ ಐದೂವರೆ ವರ್ಷ ಕಾಲೇಜು, ಕೊಟ್ಟಿಗೆ, ಆಸ್ಪತ್ರೆಗಳಲ್ಲೇ ಕಳೆಯಬೇಕು. ಆದರೆ ಪದವಿ ಮುಗಿಸಿ ಕೆಲಸಕ್ಕೆ ಸೇರಿದವರ ವಿಷಯ ಬೇರೆ.

ಹತ್ತು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿದ ಪಶುವೈದ್ಯರಿಗೆ ಹೆರಿಗೆ ಮಾಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಬೇಕಾದದ್ದು ಒಂದು ಹಸುವಿನ ಬದಲು ಇಡೀ ಹಿಂಡನ್ನು, ಇಡೀ ಜಿಲ್ಲೆಯನ್ನು ನೋಡುವ ಕಣ್ಣು. ಕಾಲುಬಾಯಿ ರೋಗ ಯಾವ ಸಂತೆಯಿಂದ ಯಾವ ಊರಿಗೆ ಹೋಯಿತು? ಎಷ್ಟು ರಾಸುಗಳಿಗೆ ಲಸಿಕೆ ಹಾಕಿದರೆ ಅದು ಹರಡುವುದು ನಿಲ್ಲುತ್ತದೆ? ಲಸಿಕೆಯ ಖರ್ಚು ಹೆಚ್ಚೋ, ಹಾಲಿನ ನಷ್ಟ ಹೆಚ್ಚೋ? ದನಗಳ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲು ಸಾಧ್ಯವಾದದ್ದು ಲಸಿಕೆಯೊಂದರಿಂದಲೇ ಅಲ್ಲ. ಊರೂರಿನ ಕಣ್ಗಾವಲು, ಲೆಕ್ಕಾಚಾರಗಳೂ ಅದರ ಹಿಂದಿದ್ದವು. ಇಂಥ ವಿದ್ಯೆಯನ್ನು ಪುಸ್ತಕ, ಅಂಕಿ-ಅಂಶಗಳನ್ನು ಮುಂದಿಟ್ಟುಕೊಂಡು ಮನೆಯಲ್ಲೇ ಕಲಿಯಬಹುದು.

ಇದರಲ್ಲಿ ಬ್ರಿಟನ್ ಮುಂದು. 1858ರಿಂದಲೇ ಹೊರಗಿನ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಲಂಡನ್ ವಿಶ್ವವಿದ್ಯಾನಿಲಯವು, 1791ರಷ್ಟು ಹಳೆಯದಾದ ರಾಯಲ್ ವೆಟರ್ನರಿ ಕಾಲೇಜಿನ ಮೂಲಕ ಜಾನುವಾರು ಆರೋಗ್ಯ ಮತ್ತು ಉತ್ಪಾದನೆಯ ಸ್ನಾತಕೋತ್ತರ ಪಾಠಗಳನ್ನು ದೂರದ ವಿದ್ಯಾರ್ಥಿಗಳಿಗಾಗಿ ರೂಪಿಸಿತು. ಎಡಿನ್‌ಬರೋ ವಿಶ್ವವಿದ್ಯಾನಿಲಯವೂ ಅಂತರರಾಷ್ಟ್ರೀಯ ಪಶು ಆರೋಗ್ಯದಲ್ಲಿ ಇಂಥದೇ ಎಂ.ಎಸ್ಸಿ. ಕಲಿಸುತ್ತ ಬಂದಿದೆ.

ಅಲ್ಲಿನ ಎಂ.ಎಸ್ಸಿ.ಗೆ ಒಟ್ಟು 180 ಕ್ರೆಡಿಟ್. ಸಾಮಾನ್ಯವಾಗಿ 60ಕ್ಕೆ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ, ಪ್ರಬಂಧವೂ ಸೇರಿದರೆ ಎಂ.ಎಸ್ಸಿ. ವರ್ಗಾವಣೆ, ಮದುವೆ, ಬಾಣಂತನ ಎಂದು ನಡುವೆ ನಿಲ್ಲಿಸಬೇಕಾದವರ ಕೈ ಬರಿದಾಗುವುದಿಲ್ಲ. ನಮ್ಮಲ್ಲೂ ಈ ಏರ್ಪಾಡು ಬೇಕಿತ್ತು. ಆದರೆ ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಯ ಓದು. ಒಟ್ಟು 1800 ಗಂಟೆ! ವಾರಕ್ಕೆ 12 ಗಂಟೆಯಂತೆ ಓದಿದರೂ 150 ವಾರ, ಅಂದರೆ ಸುಮಾರು ಮೂರು ವರ್ಷ. ರಾತ್ರಿ ಕರೆ ಬಂದರೆ ಎದ್ದು ಹೋಗಬೇಕಾದ ವೈದ್ಯರಿಗೆ ಇದು ಹಗುರವಾದ ಹೊರೆಯಲ್ಲ. ಶುಲ್ಕವೂ ಪೌಂಡ್‌ಗಳಲ್ಲಿ.

ನಮ್ಮ ಎಂ.ವಿ.ಎಸ್ಸಿ. ಮಾತ್ರ ಹೆಬ್ಬಾಳವಿರಲಿ, ಬೀದರ್ ಇರಲಿ, ಎರಡು ವರ್ಷ ಕಾಲೇಜಿನಲ್ಲೇ ಇದ್ದು ಮಾಡುವಂಥದು. ಚೆನ್ನೈನ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾನಿಲಯವು ಪದವೀಧರ ಪಶುವೈದ್ಯರಿಗೆ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾಗಳನ್ನು ನಡೆಸಿದೆ. ಸೇವೆಯಲ್ಲಿರುವವರು ಮೊದಲು ಇಂಥವನ್ನು ವಿಚಾರಿಸುವುದು ಮೇಲು; ಖರ್ಚೂ ಕಡಿಮೆ, ಭಾಷೆ-ರೋಗಗಳೂ ಪರಿಚಿತ.

ಪಾಲಕರು ಎಡವುವುದು ಇನ್ನೊಂದು ಕಡೆ. ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮಾಡಿದ ಮಗನಿಗೂ ಕೆಲವು ವಿದೇಶಿ ಕೋರ್ಸುಗಳಲ್ಲಿ ಪ್ರವೇಶ ಸಿಗಬಹುದು. ಅದರಿಂದ ಆತ ಪಶುವೈದ್ಯನಾಗುವುದಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆಯ ಪ್ರಕಾರ ವೃತ್ತಿ ನಡೆಸಲು ಮಾನ್ಯತೆ ಪಡೆದ ಪಶುವೈದ್ಯಕೀಯ ಪದವಿ, ನೋಂದಣಿ ಎರಡೂ ಬೇಕು. ಹಾಗೆಯೇ ವಿದೇಶಿ ಎಂ.ಎಸ್ಸಿ. ತಾನಾಗಿಯೇ ಎಂ.ವಿ.ಎಸ್ಸಿ.ಗೆ ಸಮ ಎನಿಸುವುದಿಲ್ಲ. ಅಧ್ಯಾಪಕ ಹುದ್ದೆಯ ಮೇಲೆ ಕಣ್ಣಿಟ್ಟವರು ಹಣ ಕಟ್ಟುವ ಮುನ್ನವೇ ಈ ಬಗ್ಗೆ ಬರಹದಲ್ಲಿ ಉತ್ತರ ಪಡೆಯಬೇಕು. ಪದವಿ ಕೈಗೆ ಬಂದ ಮೇಲೆ ಕಚೇರಿ ಅಲೆದರೆ ಫಲವಿಲ್ಲ.

ಸೇರಿದವರಿಗೆ ಒಂದು ಅನುಕೂಲವುಂಟು. ಪ್ರಬಂಧದ ವಿಷಯಕ್ಕೆ ಅವರು ದೂರ ಹೋಗಬೇಕಿಲ್ಲ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದಿಟ್ಟ ಗರ್ಭಪಾತ, ಕೆಚ್ಚಲುಬಾವು, ಕರುಗಳ ಸಾವಿನ ವಿವರಗಳನ್ನೇ ಇಲಾಖೆಯ ಅನುಮತಿ ಪಡೆದು ಊರುವಾರು, ತಿಂಗಳುವಾರು ಜೋಡಿಸತೊಡಗಬಹುದು.