ಕಾರಿನ ಒಳಹೊದಿಕೆ ಜೋತುಬೀಳುವುದೇಕೆ?

1962ರಿಂದ 1980ರವರೆಗೆ ಬ್ರಿಟನ್ನಿನಲ್ಲಿ ತಯಾರಾದ ಎಂ.ಜಿ.ಬಿ.ಯಂಥ ತೆರೆದ ಕಾರುಗಳಿಗೆ, ಬೇಕಾದಾಗ ತೊಡಿಸಿ ತೆಗೆಯಬಹುದಾದ ಗಟ್ಟಿ ಚಾವಣಿಯೂ ದೊರೆಯುತ್ತಿತ್ತು. ಇಂಥ ಚಾವಣಿಯ ಒಳಮೈಗೆ ಫೋಮ್ ಪದರವುಳ್ಳ ಬಟ್ಟೆಯನ್ನು ಅಂಟಿಸಿದ್ದರೆ, ವರ್ಷಗಳು ಕಳೆದಂತೆ ಅದು ಜೋತುಬೀಳುತ್ತದೆ. ಅಂಟು ಸೋತಿತೆಂದು ನಾವು ಭಾವಿಸುತ್ತೇವೆ. ಆದರೆ ಬಟ್ಟೆಯನ್ನು ಸುಲಿದು ನೋಡಿದರೆ ಅದರ ಬೆನ್ನಿನಲ್ಲಿಯೂ ಚಾವಣಿಯ ಮೇಲೂ ಫೋಮಿನ ಪುಡಿಯೇ ಸಾಮಾನ್ಯವಾಗಿ ಕಾಣುತ್ತದೆ. ಹರಿದುಹೋದದ್ದು ನಡುವಣ ಫೋಮ್!

ಎರಡು ಬೇರೆ ವಸ್ತುಗಳನ್ನು ಹಿಡಿದಿಡುವ ಆಕರ್ಷಣೆ ಒಂದು. ಒಂದೇ ವಸ್ತುವಿನ ಅಣುಗಳನ್ನು ಒಟ್ಟಿಗಿರಿಸುವ ಸಂಸಕ್ತಿ ಇನ್ನೊಂದು. ಪಾಲಿಯುರಿಥೇನ್ ಫೋಮಿನ ಉದ್ದನೆಯ ಅಣುಸರಪಳಿಗಳನ್ನು ತೇವ, ಕಾವು, ಆಮ್ಲಜನಕಗಳು ಕ್ರಮೇಣ ಕಡಿಯುತ್ತವೆ. ಸಂಸಕ್ತಿ ಕುಂದಿದ ಫೋಮಿಗೆ ಬಟ್ಟೆಯ ಅಲ್ಪ ಭಾರವೂ ಹೊರೆಯಾಗುತ್ತದೆ.

ಹೊಸ ಹೊದಿಕೆ ಹಾಕುವ ಮೊದಲು ಹಳೆಯ ಫೋಮನ್ನು ಪೂರ್ಣವಾಗಿ ಉಜ್ಜಿ ತೆಗೆಯಬೇಕಾದುದು ಇದಕ್ಕಾಗಿಯೇ. ಪುಡಿಯ ಮೇಲೆ ಹಚ್ಚಿದ ಅಂಟು, ಎಷ್ಟೇ ಉತ್ತಮವಾಗಿದ್ದರೂ, ಪುಡಿಯನ್ನಷ್ಟೇ ಹಿಡಿಯುತ್ತದೆ. ಅನಂತರ ಬಿಸಿಲಿನ ಕಾವನ್ನು ತಾಳಬಲ್ಲ ಅಂಟನ್ನು ಚಾವಣಿಗೂ ಬಟ್ಟೆಗೂ ಹಚ್ಚಿ, ಅದರ ದ್ರಾವಕ ಆರಿದ ಮೇಲೆ ನಡುವಿನಿಂದ ಅಂಚಿನತ್ತ ಒತ್ತಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳದು. ದ್ರಾವಕದ ಆವಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬೆಂಕಿ ದೂರವಿರಬೇಕು, ಗಾಳಿಯಾಡುತ್ತಿರಬೇಕು.

ಪದರಗಳ ಜೋಡಣೆಯಲ್ಲಿ ಅತ್ಯಂತ ದುರ್ಬಲವಾದ ಪದರವೇ ಇಡಿಯ ಜೋಡಣೆಯ ಬಲವನ್ನು ನಿರ್ಧರಿಸುತ್ತದೆ ಎಂಬುದನ್ನು ಇದರಿಂದ ನಾವು ಅರಿಯಬಹುದು.