ಆಯ್ಲರ್ ಗೆದ್ದ ಅವಿಭಾಜ್ಯ: 2,14,74,83,647

ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆಯನ್ನು ಅವಿಭಾಜ್ಯವೆನ್ನುತ್ತಾರೆ. ಮೂವತ್ತೊಂದು ಎರಡುಗಳನ್ನು ಗುಣಿಸಿ ಬಂದ ಗುಣಲಬ್ಧದಿಂದ ಒಂದನ್ನು ಕಳೆದಾಗ ದೊರೆಯುವ 2,14,74,83,647 ಅಂತಹ ಸಂಖ್ಯೆಯೆಂದು ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಹೇಳಿದ್ದರಾದರೂ ಅದಕ್ಕೆ ಸಾಧನೆ ಕೊಟ್ಟಿರಲಿಲ್ಲ. ಅದೇ ಪಟ್ಟಿಯಲ್ಲಿ 2ರ 67 ಮತ್ತು 257ನೆಯ ಘಾತಗಳಿಂದ (ಅಷ್ಟು ಎರಡುಗಳ ಗುಣಲಬ್ಧದಿಂದ) ಒಂದನ್ನು ಕಳೆದ ಸಂಖ್ಯೆಗಳ ವಿಷಯದಲ್ಲಿ ಅವರ ಮಾತು ತಪ್ಪೆಂದು ಮುಂದೆ ತಿಳಿಯಿತು. 31ನೆಯ ಘಾತದ ಸಂದೇಹವನ್ನು 1772ರಲ್ಲಿ ನಿವಾರಿಸಿದವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, ಆ ವೇಳೆಗೆ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಲಿಯೊನಾರ್ಡ್ ಆಯ್ಲರ್.

ಒಂದು ಸಂಖ್ಯೆ ಅವಿಭಾಜ್ಯವೆಂದು ತೋರಿಸಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 46,340ಕ್ಕೆ ತುಸು ಹೆಚ್ಚು. ಅಲ್ಲಿಯವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಅವೆಲ್ಲವನ್ನೂ ಪರೀಕ್ಷಿಸಬೇಕಿಲ್ಲವೆಂದು ಕಂಡುಕೊಂಡದ್ದೇ ಆಯ್ಲರ್ ಅವರ ಸಾಧನೆಯ ತಿರುಳು. ಯಾವುದೇ ಬೆಸ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದಷ್ಟು ಎರಡುಗಳನ್ನು ಗುಣಿಸಿ, ಬಂದುದನ್ನು ಆ ಅವಿಭಾಜ್ಯದಿಂದಲೇ ಭಾಗಿಸಿದರೆ ಶೇಷ ಒಂದಾಗಿರುತ್ತದೆ ಎಂಬುದು ಫರ್ಮಾನ ಪ್ರಮೇಯ. 31 ಸ್ವತಃ ಅವಿಭಾಜ್ಯವಾದುದರಿಂದ, ನಮ್ಮ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯವೊಂದಿದ್ದರೆ ಅದರಿಂದ ಒಂದನ್ನು ಕಳೆದಾಗ 31ರ ಅಪವರ್ತ್ಯವೇ ಉಳಿಯಬೇಕೆಂದೂ, ಆ ಭಾಜಕ ಬೆಸವಾಗಿರಬೇಕಾದುದರಿಂದ ಉಳಿಯುವುದು 62ರ ಅಪವರ್ತ್ಯವೆಂದೂ ಇದರಿಂದ ಸಿದ್ಧವಾಗುತ್ತದೆ. ಚಿಕ್ಕ ಉದಾಹರಣೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: 2ರ 11ನೆಯ ಘಾತದಿಂದ ಒಂದನ್ನು ಕಳೆದರೆ 2047, ಅದು 23 ಮತ್ತು 89ರ ಗುಣಲಬ್ಧ, ಇವೆರಡರಿಂದಲೂ ಒಂದನ್ನು ಕಳೆದರೆ ಸಿಗುವ 22 ಮತ್ತು 88, ಎರಡೂ 22ರ ಅಪವರ್ತ್ಯಗಳೇ.

ಭಾಜಕವನ್ನು ಎಂಟರಿಂದ ಭಾಗಿಸಿದಾಗ ಶೇಷ 1 ಇಲ್ಲವೆ 7 ಬರಲೇಬೇಕೆಂಬ ಇನ್ನೊಂದು ನಿಯಮವೂ ಸೇರಿದ ಮೇಲೆ, 248ರಿಂದ ಭಾಗಿಸಿದರೆ 1 ಅಥವಾ 63 ಶೇಷ ಬರುವ ಅವಿಭಾಜ್ಯಗಳಷ್ಟೇ ಕಣದಲ್ಲಿ ಉಳಿದವು. ಇವುಗಳಲ್ಲಿ ಮೊದಲನೆಯದು 311. ಒಟ್ಟು ನೂರಕ್ಕಿಂತ ಕಡಿಮೆಯಾದ ಆ ಭಾಜಕಗಳಲ್ಲಿ ಒಂದರಿಂದಲೂ ಸಂಖ್ಯೆ ನಿಶ್ಶೇಷವಾಗಿ ಭಾಗವಾಗಲಿಲ್ಲ.

ಹೀಗೆ ಸಿದ್ಧವಾದ ಅವಿಭಾಜ್ಯವು ತನ್ನೊಡನೆ ಒಂದು ಪರಿಪೂರ್ಣ ಸಂಖ್ಯೆಯನ್ನೂ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮವಾದ ಸಂಖ್ಯೆಯನ್ನೂ ಕೊಟ್ಟಿತು. ಈ ಅವಿಭಾಜ್ಯವನ್ನು 2ರ 30ನೆಯ ಘಾತದಿಂದ ಗುಣಿಸಿದರೆ ಅದು ಸಿಗುತ್ತದೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಪತ್ತೆಯಾಗದೆಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ನುಡಿದಿದ್ದರು. ಕಂಪ್ಯೂಟರಿನಲ್ಲಿ 32 ಬಿಟ್‌ಗಳ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಬೆಲೆಯೂ ಆಯ್ಲರ್ ಅವರ ಈ ಅವಿಭಾಜ್ಯವೇ. ಆದರೆ ಆ ಮಿತಿ ಬಂದದ್ದು ದ್ವಿಮಾನ ಪದ್ಧತಿಯಲ್ಲಿ ಇದು ಮೂವತ್ತೊಂದು ಒಂದುಗಳ ಸಾಲಾಗುವುದರಿಂದ, ಅವಿಭಾಜ್ಯತೆಯಿಂದಲ್ಲ.

ಬಾರ್ಲೊ ಅವರ ಊಹೆ ನಿಲ್ಲಲಿಲ್ಲ. 1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗದೆ 127ನೆಯ ಘಾತದ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು. ಮುಂದೆ ಲೆಹ್ಮರ್ ಸರಳಗೊಳಿಸಿದ ಆ ಕ್ರಮದಲ್ಲಿ 4ರಿಂದ ಆರಂಭಿಸಿ, ಪ್ರತಿಸಲವೂ ವರ್ಗಮಾಡಿ ಎರಡನ್ನು ಕಳೆದು, ಪರೀಕ್ಷೆಗೊಳಗಾದ ಸಂಖ್ಯೆಯಿಂದ ಭಾಗಿಸಿ ಬರುವ ಶೇಷವನ್ನಷ್ಟೇ ಮುಂದಕ್ಕೆ ಒಯ್ಯುತ್ತಾರೆ. ಆಯ್ಲರ್ ಅವರ ಸಂಖ್ಯೆಗೆ ಇಂತಹ 29 ಹೆಜ್ಜೆಗಳು ಸಾಕು, ಕೊನೆಯ ಹೆಜ್ಜೆಯಲ್ಲಿ ಶೇಷ ಸೊನ್ನೆಯಾಗುತ್ತದೆ.