ಬೆಲೆಯಿಲ್ಲದ ಮತ

ಅಮೆರಿಕದ ಅಧ್ಯಕ್ಷ ಪದವಿಯ ಹುರಿಯಾಳುಗಳು ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್‌ಗಳಂತಹ ಕೆಲವೇ ಸಂಸ್ಥಾನಗಳಲ್ಲಿ ಬೀಡುಬಿಟ್ಟು ಉಳಿದ ನಾಡನ್ನು ಮರೆಯುತ್ತಾರೆಂಬ ದೂರು ಪ್ರತಿ ಚುನಾವಣೆಯಲ್ಲಿಯೂ ಕೇಳಿಬರುತ್ತದೆ. ದೂರು ನಿಜವೇ, ಆದರೆ ದೋಷವು ಹುರಿಯಾಳುಗಳದೆಂದು ನಮಗೆ ತೋರುವುದಿಲ್ಲ.

ಅಧ್ಯಕ್ಷರನ್ನು ಆರಿಸುವವರು 538 ನಿರ್ವಾಚಕರು. ಗೆಲುವಿಗೆ 270 ಬೇಕು. ಇವರನ್ನು ನೇಮಿಸುವ ಬಗೆಯನ್ನು ರಾಜ್ಯಘಟನೆಯು ಸಂಸ್ಥಾನಗಳಿಗೇ ಬಿಟ್ಟಿದೆ. 48 ಸಂಸ್ಥಾನಗಳಲ್ಲಿ, ಎಷ್ಟೇ ಅಲ್ಪ ಅಂತರದಿಂದ ಗೆದ್ದವರಿಗೂ ನಿರ್ವಾಚಕರೆಲ್ಲರೂ ಸಲ್ಲುತ್ತಾರೆ. ಆದುದರಿಂದ ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಮತದಾರನನ್ನು ಓಲೈಸುವವರೂ ಇಲ್ಲ, ಅಂಜುವವರೂ ಇಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ನರು 28 ಲಕ್ಷಕ್ಕೂ ಮಿಕ್ಕಿ ಹೆಚ್ಚು ಮತ ಪಡೆದೂ ಸೋತರು.

ಸಣ್ಣ ಸಂಸ್ಥಾನಗಳ ರಕ್ಷಣೆಗೆ ಈ ಪದ್ಧತಿ ಬೇಕೆನ್ನುವವರುಂಟು. ಆದರೆ ಅತ್ಯಲ್ಪ ಜನಸಂಖ್ಯೆಯ ವಾಯೊಮಿಂಗಿನತ್ತ ಯಾವ ಹುರಿಯಾಳು ತಾನೆ ಪ್ರಚಾರಕ್ಕೆ ಮುಖಮಾಡುತ್ತಾನೆ?

ನೇರ ಚುನಾವಣೆಯ ತಿದ್ದುಪಡಿಯನ್ನು 1969ರಲ್ಲಿ ಪ್ರತಿನಿಧಿ ಸಭೆಯು 338 ಮತಗಳಿಂದ ಅಂಗೀಕರಿಸಿತ್ತು. 1970ರಲ್ಲಿ ಅದು ಸೆನೆಟ್ಟಿನ ದೀರ್ಘ ಭಾಷಣಗಳಲ್ಲಿ ಮುಳುಗಿತು. ತಿದ್ದುಪಡಿಗೆ 38 ಸಂಸ್ಥಾನಗಳ ಸಮ್ಮತಿಯೂ ಬೇಕು, ಅದು ಸುಲಭವಲ್ಲ. ಆದರೆ ನಿರ್ವಾಚಕರನ್ನು ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಲು ಸಂಸ್ಥಾನದ ಕಾನೂನೇ ಸಾಕು. ಒಂಟಿಯಾಗಿ ಹಂಚಿದ ಸಂಸ್ಥಾನವು ತನ್ನ ತೂಕವನ್ನು ಕಳೆದುಕೊಳ್ಳುವುದರಿಂದ, ಹಲವು ಕೂಡಿಯೇ ಹೆಜ್ಜೆಯಿಡಬೇಕು. ಹುರಿಯಾಳುಗಳನ್ನು ಹಳಿಯುವ ಮತದಾರನು ಮೊದಲು ತನ್ನ ಶಾಸನಸಭೆಯ ಬಾಗಿಲನ್ನು ತಟ್ಟಲಿ. ಮತಕ್ಕೆ ಬೆಲೆ ಬಂದ ದಿನ, ಹುರಿಯಾಳು ತಾನಾಗಿಯೇ ಮನೆಬಾಗಿಲಿಗೆ ಬರುವನು.